ಲದ್ದಿಯೊಳಗಿನ ಪೀಪಾಯಿ

1996ರ ಜನವರಿ ಹನ್ನೊಂದು, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಅರೂಸ್ ಅಂಗಳದಲ್ಲಿ ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತು ತನ್ನ ಕುದುರೆಯ ಕಿವಿಗಳನ್ನು ಎಣಿಸುತ್ತಿದ್ದಳು.

ಕುದುರೆ ಒಂದೇ, ಕಿವಿ ಎರಡೇ. ಆದರೆ ಅವಳ ಎಣಿಕೆ ಆಗಲೇ ನಲವತ್ತು ದಾಟಿತ್ತು.

ನಾನು ನನ್ನ ಹವಾಮಾನದ ಪುಸ್ತಕಕ್ಕೆಂದು ಶಾಲೆಯಂಗಳದ ಬಿಳಿ ಪೆಟ್ಟಿಗೆಯಲ್ಲಿದ್ದ ಉಷ್ಣಮಾಪಕವನ್ನು ಓದಿ ಮನೆಗೆ ಮರಳುತ್ತಿದ್ದೆ. ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗೆ. ನಮ್ಮ ಸೆವ್‌ಜೂರಿನಲ್ಲಿ ಅದು ದೊಡ್ಡ ಸುದ್ದಿಯಲ್ಲ. ಪರವಾನಾ ಸರೋವರದ ಕಡೆಯಿಂದ ಗಾಳಿ ಬೀಸದಿದ್ದರೆ ಅಂಥ ದಿನವನ್ನು ಒಳ್ಳೆಯ ದಿನವೆಂದೇ ಕರೆಯುತ್ತೇವೆ. ನನ್ನ ಮತ್ತು ಅರೂಸಳ ಅಂಗಳಗಳ ನಡುವೆ ಎದೆಯೆತ್ತರದ ಕಲ್ಲುಗೋಡೆ ಇದೆ. ಅದರಾಚೆಯಿಂದ ಅವಳ ತುಟಿಗಳು ಅಲುಗುವುದು ಕಾಣಿಸಿ ನಿಂತೆ.

"ಏನ್ ಅರೂಸಕ್ಕ, ಬೆಳಿಗ್ಗೆ ಬೆಳಿಗ್ಗೆ ಪ್ರಾರ್ಥನೆನಾ?"

ಅವಳು ನನ್ನತ್ತ ನೋಡದೆ ಅಂಗೈ ಎತ್ತಿ ತಡೆದಳು. ಕುದುರೆ ತಲೆ ಮೇಲೆತ್ತಿ, ಮೂತಿಯಿಂದ ನೀರು ಸುರಿಸುತ್ತಾ ನಿಟ್ಟುಸಿರು ಬಿಟ್ಟಿತು.

"ಎಪ್ಪತ್ತೊಂದು. ಹ್ಞೂಂ, ಈಗ ಮಾತಾಡಿ ಮೇಷ್ಟ್ರೇ. ಮಧ್ಯದಲ್ಲಿ ಬಾಯಿ ಹಾಕಿದ್ರೆ ಲೆಕ್ಕ ತಪ್ಪುತ್ತೆ."

"ಏನ್ ಲೆಕ್ಕ?"

"ಗುಟುಕು. ಒಂದೊಂದು ಗುಟುಕಿಗೂ ಕಿವಿ ಒಂದ್ ಸಲ ಹಿಂದಕ್ಕೆ ಹೋಗಿ ಬರುತ್ತೆ. ಗಂಟಲು ನೋಡೋಣ ಅಂದ್ರೆ ಇಷ್ಟುದ್ದ ಚಳಿಗಾಲದ ಕೂದಲು. ಕಿವಿ ಮಾತ್ರ ಸುಳ್ಳು ಹೇಳಲ್ಲ."

ನಾನು ಹತ್ತೊಂಬತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು, ಹುಟ್ಟಿದಾಗಿನಿಂದ ಕುದುರೆಗಳನ್ನು ಕಂಡವನು. ಇದನ್ನು ಗಮನಿಸಿರಲಿಲ್ಲ. ಗಮನಿಸದ ಇನ್ನೊಂದು ಸಂಗತಿಯೂ ಅಲ್ಲೇ ಇತ್ತು. ಊರಿನ ತೊಟ್ಟಿಗಳೆಲ್ಲ ಕಲ್ಲಿನಂತೆ ಹೆಪ್ಪುಗಟ್ಟಿದ್ದ ಆ ಬೆಳಿಗ್ಗೆ, ಅವಳ ಕುದುರೆ ಕುಡಿದ ಜಾಗದಿಂದ ತೆಳ್ಳಗೆ ಹಬೆ ಏಳುತ್ತಿತ್ತು.

ಅರೂಸಳಿಗೆ ಆಗ ಐವತ್ತಾರು ವರ್ಷ. ಊರಿನ ಟಪಾಲು ಅವಳದು. ಹೆದ್ದಾರಿಯ ಕೂಡುರಸ್ತೆ ನಮ್ಮೂರಿಂದ ಒಂಬತ್ತು ಕಿಲೋಮೀಟರು. ಹಿಮ ಬಿದ್ದು ದಾರಿ ಮುಚ್ಚಿದ ಮೇಲೆ ಮಾರ್ಚ್ ಕೊನೆಯವರೆಗೆ ಅಲ್ಲಿಗೆ ಹೋಗಿ ಬರುವುದು ಅವಳ ಜಾರುಬಂಡಿ ಮಾತ್ರ. ಕಾಗದಗಳ ಜೊತೆಗೆ ಔಷಧಿ, ಉಪ್ಪು, ಸೀಮೆಎಣ್ಣೆ, ಒಮ್ಮೆ ಒಬ್ಬ ಸೂಲಗಿತ್ತಿಯನ್ನೂ ತಂದಿದ್ದಳು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಎಲ್ಲರ ಕಾಗದ ಹಂಚೋ ಗಡಿಬಿಡೀಲಿ ನನ್ನ ಕಾಗದ ದಾರೀಲಿ ಎಲ್ಲೋ ಬಿದ್ದೋಯ್ತು" ಎನ್ನುತ್ತಿದ್ದಳು.

ಜಾರುಬಂಡಿ ಎಳೆಯುವ ಹೆಣ್ಣುಕುದುರೆಯ ಹೆಸರು ಮರ್ಜಾನ್. ಕೆಂಪುಗಂದು ಬಣ್ಣ, ಹದಿನಾಲ್ಕು ವರ್ಷ. ಎರಡು ಚಳಿಗಾಲಗಳಿಂದ ಅದಕ್ಕೆ ಲಾಯದೊಳಗೆ ಕೆಮ್ಮು ಬರುತ್ತಿತ್ತು. ಒಣಹುಲ್ಲಿನ ಧೂಳು ಅದರ ಎದೆಗೆ ಆಗುತ್ತಿರಲಿಲ್ಲ. ಹೊರಗೆ ಕಟ್ಟಿದರೆ ಒಂದು ವಾರದಲ್ಲಿ ಕೆಮ್ಮು ಮಾಯ. ಹಾಗಾಗಿ ಮರ್ಜಾನ್ ಮೂರು ಕಡೆ ಗೋಡೆಯಿದ್ದ ಚಪ್ಪರದಡಿ ಹೊರಗೇ ಇತ್ತು. ಚಳಿಯನ್ನು ಕುದುರೆಯ ಕೂದಲು ತಡೆಯುತ್ತದೆ. ನೀರನ್ನು ತಡೆಯುವವರಾರು? ಹಿಂದಿನ ವರ್ಷ ಮಂಜುಗಡ್ಡೆ ಒಡೆದು ಕೊಟ್ಟ ನೀರಿಗೆ ಅದು ತುಟಿ ತಾಗಿಸಿ ತಲೆ ತಿರುಗಿಸುತ್ತಿತ್ತು. ಒಣಹುಲ್ಲು ತಿಂದು ನೀರು ಕುಡಿಯದ ಕುದುರೆಯ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಮರ್ಜಾನ್ ಎರಡು ದಿನ ಹಿಮದಲ್ಲಿ ಬಿದ್ದು ಹೊರಳಿ, ಹೇಗೋ ಬದುಕಿತ್ತು. ಪಶುವೈದ್ಯ ಹೊರಡುವಾಗ ಹೇಳಿದ್ದು ಒಂದೇ ಮಾತು: "ಇದಕ್ಕೆ ಬೇಕಾಗಿರೋದು ಔಷಧಿ ಅಲ್ಲಮ್ಮ, ಬೆಚ್ಚಗಿನ ನೀರು. ಇನ್ನೊಂದ್ ಸಲ ಹೀಗಾದ್ರೆ ನನ್ನ ಕರೀಬೇಡಿ, ಗುದ್ದಲಿ ತರಿಸಿ."

ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ವಿದ್ಯುತ್ತು ಇಲ್ಲದ ಮೂರನೇ ಚಳಿಗಾಲ ಅದು. ನೀರು ಕಾಯಿಸುವುದೆಂದರೆ ಬೆರಣಿ ಉರಿಸಬೇಕು. ಮರಗಳಿಲ್ಲದ ನಮ್ಮ ಎತ್ತರದ ಬಯಲಿನಲ್ಲಿ ಬೆರಣಿಯೇ ಸೌದೆ. ಹೆಣ್ಣು ಕೊಡುವವರು ಗಂಡಿನ ಮನೆಯೊಳಗೆ ಕಾಲಿಡುವ ಮುಂಚೆ ಅಂಗಳದ ಬೆರಣಿ ಗುಡ್ಡೆ ಎಷ್ಟೆತ್ತರ ಇದೆಯೆಂದು ನೋಡುತ್ತಾರೆ. ಅರೂಸಳಿಗೆ ಹಸುವೂ ಇಲ್ಲ, ಕುರಿಯೂ ಇಲ್ಲ. ಗುಡ್ಡೆ ಅವಳ ಸೊಂಟದಷ್ಟು. ಅದರಲ್ಲಿ ಅವಳ ಒಲೆ ಉರಿದರೆ ಸಾಕಿತ್ತು.

ಹಾಗಾಗಿ ಅವಳು ಯಾರಿಗೂ ಬೇಡವಾದುದನ್ನು ಹುಡುಕಿದಳು. ಲದ್ದಿ ಒಳ್ಳೆಯ ಬೆರಣಿಯಾಗುವುದಿಲ್ಲ, ಪುಡಿಪುಡಿಯಾಗುತ್ತದೆ. ನವೆಂಬರಿನಲ್ಲಿ ಕುದುರೆಯಿದ್ದ ಮನೆಗಳಿಂದ ಅದನ್ನು ಹೊತ್ತು ತಂದು, ಹುಲ್ಲು ಬೆರೆಸಿ, ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಎದೆಮಟ್ಟದ ಗುಪ್ಪೆ ಮಾಡಿದಳು. ನಡುವೆ ಅರವತ್ತು ಲೀಟರಿನ ಹಳೆಯ ಉಪ್ಪಿನಕಾಯಿ ಪೀಪಾಯಿಯನ್ನು ಬಾಯಿ ಮಾತ್ರ ಕಾಣುವಂತೆ ಹೂತಳು. ಮೇಲೆ ಹಲಗೆಯ ಮುಚ್ಚಳ, ಅದರ ಮೇಲೆ ದಪ್ಪ ಕಂಬಳಿ. ಸಂಜೆ ಕೈಬಂಡಿಯಲ್ಲಿ ಚಿಲುಮೆಯಿಂದ ಎರಡು ಹಾಲಿನ ಕ್ಯಾನು ನೀರು ತಂದು ತುಂಬಿಸುವುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೇ ಸಲ ಮುಚ್ಚಳ ತೆಗೆಯುವುದು. ತೆಗೆದಾಗ ಪಕ್ಕದಲ್ಲಿ ನಿಂತು ಎಣಿಸುವುದು.

"ದಿನಕ್ಕೆ ನೂರೈವತ್ತರ ಕೆಳಗೆ ಇಳೀಬಾರ್ದು" ಎಂದಳು. "ಹೋದ್ ವರ್ಷ ಬೀಳೋಕ್ಕೆ ಮುಂಚೆ ಮೂರು ದಿನ ನೂರರ ಕೆಳಗಿತ್ತು."

ಅಂದಿನಿಂದ ನನಗೆ ಬೇರೆ ಕೆಲಸ ರುಚಿಸಲಿಲ್ಲ. ಮೊದಲು ಐದು ಲೀಟರು ಅಳೆದು ಬಕೆಟ್ಟಿನಲ್ಲಿ ಕೊಟ್ಟೆವು. ಮರ್ಜಾನ್ ಅದನ್ನು ಇಪ್ಪತ್ತೆಂಟು ಗುಟುಕಿನಲ್ಲಿ ಖಾಲಿ ಮಾಡಿತು. ಅಂದರೆ ಒಂದು ಗುಟುಕಿಗೆ ಸುಮಾರು ನೂರೆಂಬತ್ತು ಮಿಲಿಲೀಟರು. ಅವಳ ನೂರೈವತ್ತು ಗುಟುಕೆಂದರೆ ಇಪ್ಪತ್ತೇಳು ಲೀಟರು. ಪಶುವೈದ್ಯದ ಪುಸ್ತಕ ತೆಗೆದು ನೋಡಿದೆ. ಅವಳ ಗೆರೆ ಪುಸ್ತಕದ ಗೆರೆಗೆ ತೀರ ಹತ್ತಿರವಿತ್ತು. ಶಾಲೆಯ ಪ್ರಯೋಗಾಲಯದ ಉಷ್ಣಮಾಪಕವನ್ನು ಕಬ್ಬಿಣದ ಕೊಳವೆಗಿಳಿಸಿ ಗುಪ್ಪೆಯೊಳಗೆ ಚುಚ್ಚಿದೆ: ನಲವತ್ತಾರು ಡಿಗ್ರಿ. ಪೀಪಾಯಿಯ ನೀರು ಹತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ. ಒಂದು ಮೊಳದ ಅಂತರದಲ್ಲಿ ಎಪ್ಪತ್ತಮೂರು ಡಿಗ್ರಿ ವ್ಯತ್ಯಾಸ. ಬೆಂಕಿ ಎಲ್ಲೂ ಇಲ್ಲ.

"ಯಾರು ಹೇಳ್ಕೊಟ್ರು ನಿಮಗೆ?"

"ಗುಬ್ಬಚ್ಚಿಗಳು. ಹಮಾಯಾಕಣ್ಣನ ಲಾಯದ ಹಿಂದೆ ಲದ್ದಿ ಎಸೀತಾರಲ್ಲ, ಅಲ್ಲಿ ಹಿಮ ಕರಗಿರುತ್ತೆ, ಗುಬ್ಬಚ್ಚಿಗಳು ಕಾಲು ಕಾಯಿಸ್ಕೊಂಡು ಕೂತಿರ್ತಾವೆ. ಅವಕ್ಕೇನ್ ಹುಚ್ಚಾ?"

ಹಮಾಯಾಕ್ ನಮ್ಮ ಕೆಳಗಿನ ಮನೆಯವನು. ಅರವತ್ತೆರಡರ ಗಟ್ಟಿ ಆಳು, ಐದು ಕುದುರೆ, ಕುರಿ ಕಾಯುವ ಎರಡು ದೊಡ್ಡ ನಾಯಿ, ಊರಲ್ಲೇ ಎತ್ತರದ ಬೆರಣಿ ಗುಡ್ಡೆ. ಅವನ ನಾಯಿಗಳು ವರ್ಷವಿಡೀ ಹೊರಗೇ ಇದ್ದು ಚಳಿಗಾಲದಲ್ಲಿ ಹಿಮ ನೆಕ್ಕುತ್ತಿದ್ದವು. ಅರೂಸಳ ಪೀಪಾಯಿಯ ಸುದ್ದಿ ತಿಳಿದ ಮೇಲೆ ಅವನು ಬಂದು ಗುಪ್ಪೆಯನ್ನು ಸುತ್ತು ಹಾಕಿ ನಕ್ಕ.

"ಏ ಅರೂಸ್, ಲದ್ದಿ! ಉರಿಸಿದ್ರೆ ಒಂದು ಚಹಾ ಕಾಯಲ್ಲ ಇದರಲ್ಲಿ. ಇದಕ್ಕೇ ಇಷ್ಟು ಶಾಖ ಅಂದ್ರೆ ನಮ್ಮನೆ ಕುರಿ ಬೆರಣಿಗೆ ಎಷ್ಟಿರ್ಬೇಡ! ನೋಡ್ತಿರು, ನಾಳೆ ನಮ್ಮ ನಾಯಿಗಳು ಸೂಪು ಕುಡೀತಾವೆ."

ಮರುದಿನ ಅವನು ತನ್ನ ಕಲ್ಲಿನ ತೊಟ್ಟಿಯ ಸುತ್ತ ಮೂರು ವರ್ಷ ಒಣಗಿದ ಉತ್ತಮ ಬೆರಣಿಗಳನ್ನು ಗೋಡೆ ಕಟ್ಟಿದಂತೆ ಜೋಡಿಸಿದ. ನಮ್ಮವರಿಗೆ ಬೆರಣಿಯೆಂದರೆ ಶಾಖ, ಶಾಖವೆಂದರೆ ಬೆರಣಿ. ಅವು ಬೇರೆ ಬೇರೆ ಎಂದು ಯಾರಿಗೂ ಹೊಳೆಯುವುದಿಲ್ಲ. ಬೆಳಿಗ್ಗೆ ತೊಟ್ಟಿ ತಳದವರೆಗೆ ಮಂಜುಗಡ್ಡೆಯಾಗಿತ್ತು.

"ಮೇಷ್ಟ್ರೇ, ಒಲೇಲಿ ಕಬ್ಬಿಣ ಕೆಂಪಾಗುತ್ತೆ ಇದರಿಂದ. ಇಲ್ಲಿ ಯಾಕೆ ಮಲಗಿದೆ?"

"ಅದರ ಶಾಖ ಬೀಗ ಹಾಕಿದ ಪೆಟ್ಟಿಗೇಲಿದೆ ಹಮಾಯಾಕಣ್ಣ. ಬೀಗದಕೈ ಬೆಂಕಿಕಡ್ಡಿ. ಲದ್ದಿಯೊಳಗೆ ಕಣ್ಣಿಗೆ ಕಾಣದ ಜೀವಿಗಳಿವೆ. ಅವು ತಿಂತಾವೆ, ಉಸಿರಾಡ್ತಾವೆ, ಬಿಸಿಯಾಗ್ತಾವೆ. ಅವಕ್ಕೆ ಹಸಿ ಬೇಕು. ಒಣಗಿದ್ರಲ್ಲಿ ಬದುಕಲ್ಲ."

ಅವನಿಗೆ ಕೊನೆಯಿಂದ ಎರಡನೇ ವಾಕ್ಯ ಮಾತ್ರ ಕೇಳಿಸಿತೆಂದು ತೋರುತ್ತದೆ. ಮಧ್ಯಾಹ್ನ ಎರಡು ಕೊಡ ಬಿಸಿನೀರನ್ನು ಬೆರಣಿ ಗೋಡೆಯ ಮೇಲೆ ಸುರಿದ. ಸಂಜೆಗೆ ಇಡೀ ಗೋಡೆ ಒಂದೇ ಬಂಡೆಯಾಗಿ ಹೆಪ್ಪುಗಟ್ಟಿತು. ಅವನ ಹೆಂಡತಿ ಶುಶಾನಳ ದನಿ ಬೀದಿಯ ಕೊನೆಯವರೆಗೂ ಕೇಳಿಸಿತು.

"ಏ ಮಾರಾಯ! ಫೆಬ್ರವರೀಲಿ ನಾನು ಏನ್ ಉರಿಸ್ಲಿ, ನಿನ್ನ ಮೀಸೆನಾ?"

ಗೋಡೆಯಾಚೆ ನಿಂತಿದ್ದ ಅರೂಸ್ ನಕ್ಕಳು. ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಮಾಯಾಕ್ ತಲೆಯೆತ್ತಿ ನೋಡಿದ, ಟೊಪ್ಪಿ ಸರಿಪಡಿಸಿಕೊಂಡು ಒಳಗೆ ಹೋದ. ಆಮೇಲೆ ಅವಳ ಜೊತೆ ಮಾತು ಬಿಟ್ಟ.

ಹಮಾಯಾಕನ ತಪ್ಪು ಊರಿಗೆಲ್ಲ ಗೊತ್ತು. ನನ್ನದೂ ಗೊತ್ತು, ಆದರೂ ನಾನೇ ಇಲ್ಲಿ ಬರೆಯಬೇಕು.

ಜನವರಿ ಹದಿನೈದರಂದು ಗಾಳಿ ಶುರುವಾಯಿತು. ಗುಪ್ಪೆಯ ಶಾಖ ನಲವತ್ತಾರರಿಂದ ನಲವತ್ತೊಂದಕ್ಕೆ ಇಳಿಯಿತು. ಗಾಳಿ ಒಳಗೆ ನುಗ್ಗಿ ಶಾಖ ಕದಿಯುತ್ತಿದೆಯೆಂದು ನಾನು ತೀರ್ಮಾನಿಸಿದೆ. ಸಡಿಲವಾದ ವಸ್ತುವನ್ನು ಗಟ್ಟಿಮಾಡಿದರೆ ಗಾಳಿಯ ದಾರಿ ಮುಚ್ಚುತ್ತದೆ. ಅಷ್ಟೇ ನನ್ನ ತರ್ಕ.

"ಅರೂಸಕ್ಕ, ಗುಪ್ಪೆ ಮೇಲೆ ಹತ್ತಿ ಚೆನ್ನಾಗಿ ತುಳೀರಿ. ಸಂದು ಇರಬಾರದು."

"ನಿಜವಾಗ್ಲೂ?"

"ಲೆಕ್ಕ ಹಾಗೇ ಹೇಳುತ್ತೆ."

ಅವಳು ತುಳಿದಳು. ನಾನೂ ತುಳಿದೆ. ಮರುದಿನ ಬೆಳಿಗ್ಗೆ ಮೂವತ್ತಮೂರು. ಇನ್ನೂ ಗಾಳಿ ಹೋಗುತ್ತಿರಬೇಕೆಂದು ಮತ್ತೆ ತುಳಿದೆವು. ಹದಿನೇಳಕ್ಕೆ ಇಪ್ಪತ್ತನಾಲ್ಕು, ಹದಿನೆಂಟಕ್ಕೆ ಹದಿನಾರು, ಹತ್ತೊಂಬತ್ತಕ್ಕೆ ಒಂಬತ್ತು. ಪೀಪಾಯಿಯ ನೀರಿನ ಮೇಲೆ ಬೆಳಿಗ್ಗೆ ಹಾಲಿನ ಕೆನೆಯಷ್ಟು ತೆಳ್ಳಗೆ ಮಂಜಿನ ಪೊರೆ ಬಂದಿತ್ತು. ನನ್ನ ಪಟ್ಟಿಯ ಪಕ್ಕದಲ್ಲಿ ಅವಳ ಪಟ್ಟಿಯೂ ಇತ್ತು: ನೂರೆಂಬತ್ತನಾಲ್ಕು, ನೂರರವತ್ತು, ನೂರಮೂವತ್ತೊಂದು, ನೂರೆಂಟು, ಎಂಬತ್ತೊಂಬತ್ತು.

ಹತ್ತೊಂಬತ್ತರ ಸಂಜೆ ಮರ್ಜಾನ್ ಹುಲ್ಲಿನ ಮುಂದೆ ಸುಮ್ಮನೆ ನಿಂತಿತ್ತು. ಲದ್ದಿ ಚಿಕ್ಕದಾಗಿ, ಗೋಲಿಯಂತೆ ಗಟ್ಟಿಯಾಗಿತ್ತು. ಒಮ್ಮೆ ತಲೆ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. ಹಿಂದಿನ ವರ್ಷ ಶುರುವಾದದ್ದೂ ಹಾಗೆಯೇ. ಅರೂಸ್ ಅದರ ಹಣೆಗೆ ಹಣೆ ತಾಗಿಸಿ, "ನಿನ್ನ ನೋವು ನನಗಿರ್ಲಿ ಕಣೇ" ಎಂದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಇಪ್ಪತ್ತನೇ ತಾರೀಕು ಬೆಳಿಗ್ಗೆ, ಶನಿವಾರ, ನಾನು ಗೋಡೆಯ ಬಳಿ ಹೋದಾಗ ಅವಳು ಗುಪ್ಪೆಯ ಒಂದು ಬದಿಯನ್ನು ಸಲಿಕೆಯಿಂದ ಸೀಳಿ ಒಳಗೆ ಕೈಯಿಟ್ಟು ನೋಡುತ್ತಿದ್ದಳು. ಒಂದು ಹಿಡಿ ತೆಗೆದು ನನ್ನ ಮೂಗಿನ ಹತ್ತಿರ ತಂದಳು.

"ಮೂಸಿ ನೋಡಿ."

ಹುಳಿ ವಾಸನೆ. ಕಳೆದ ವಾರ ಅದು ಮಳೆ ಬಿದ್ದ ಕಾಡಿನಂತೆ ಇತ್ತು.

"ನೀವೇ ತಾನೇ ಹಮಾಯಾಕಣ್ಣಂಗೆ ಹೇಳಿದ್ದು, ಅವು ಉಸಿರಾಡ್ತಾವೆ ಅಂತ?"

"ಹೌದು."

"ನಾವು ಅವನ್ನ ತುಳಿದು ಉಸಿರು ಕಟ್ಟಿಸಿದ್ವಿ ಮೇಷ್ಟ್ರೇ."

ನನ್ನ ಬಾಯಿಂದ ಬಂದ ಮಾತನ್ನು ನಾನೇ ಕೇಳಿಸಿಕೊಂಡಿರಲಿಲ್ಲ, ಅವಳು ಕೇಳಿಸಿಕೊಂಡಿದ್ದಳು. ಸೀಳಿ ಸಡಿಲ ಮಾಡಿದರೆ ಸಾಕೇ ಎಂದು ಕೇಳಿದೆ. ಸಾಲದು ಎಂದಳು. ತಣ್ಣಗಾದದ್ದು ಈ ಚಳಿಯಲ್ಲಿ ತಾನಾಗಿ ಎದ್ದು ಕೂರುವುದಿಲ್ಲ, ಮೊಸರಿಗೆ ಹೆಪ್ಪು ಬೇಕಾದ ಹಾಗೆ ಬಿಸಿಯಿರುವ ಲದ್ದಿಯೇ ಬೇಕು. ಹೊರಗೆ ಬಿದ್ದದ್ದು ಈ ಗಾಳಿಗೆ ಕಾಲು ಗಂಟೆಯಲ್ಲಿ ಕಲ್ಲಾಗುತ್ತದೆ, ಗುಬ್ಬಚ್ಚಿಗಳು ಕೂರುತ್ತಿದ್ದ ಗುಡ್ಡೆಯೂ ಕಲ್ಲಾಗಿತ್ತು. ಬೆಚ್ಚಗಿರುವುದು ಲಾಯದೊಳಗೆ ಮಾತ್ರ, ಕುದುರೆಗಳ ಕಾಲಡಿ, ಶರತ್ಕಾಲದಿಂದ ಪದರ ಪದರವಾಗಿ ಕೂತಿರುವ ಹಾಸಿಗೆಯಲ್ಲಿ. ಅಷ್ಟು ದಪ್ಪ ಹಾಸಿಗೆ ಊರಲ್ಲಿ ಇದ್ದದ್ದು ಒಂದೇ ಕಡೆ.

ಇಬ್ಬರೂ ಹೋದೆವು. ಹಮಾಯಾಕ್ ಲಾಯದ ಬಾಗಿಲಲ್ಲಿ ನಿಂತು ಕುದುರೆಯ ಪಟ್ಟಿ ಹೊಲಿಯುತ್ತಿದ್ದ. ನನಗೆ ಮಾತ್ರ ತಲೆಯಾಡಿಸಿದ.

"ಹಮಾಯಾಕಣ್ಣ, ನಿಮ್ಮ ಲಾಯದ ಹಾಸಿಗೇಲಿ ಅರ್ಧ ಬೇಕು" ಎಂದಳು ಅರೂಸ್, ಪೀಠಿಕೆಯಿಲ್ಲದೆ.

"ಯಾರೋ ಮಾತಾಡಿದ ಹಾಗಾಯ್ತು ಮೇಷ್ಟ್ರೇ. ಗಾಳಿ ಇರ್ಬೇಕು."

"ನಕ್ಕಿದ್ದು ತಪ್ಪಾಯ್ತು."

"ಗಾಳಿ ಇನ್ನೂ ಏನೋ ಹೇಳ್ತಿದೆ."

"ಬರೀ ನಗ್ಲಿಲ್ಲ, ದಾರೀಲಿ ಮೂರು ಮನೇಲಿ ಹೇಳ್ದೆ ಕೂಡ. ಅದೂ ತಪ್ಪು. ಇನ್ನೇನ್ ಬೇಕು? ಮರ್ಜಾನ್ ನಿನ್ನೆ ಎಂಬತ್ತೊಂಬತ್ತು ಕುಡಿದಿದೆ ಅಣ್ಣ. ಹೊಟ್ಟೆ ತಿರುಗಿ ನೋಡ್ಕೊಳ್ತಿದೆ."

ಅವನ ಸೂಜಿ ನಿಂತಿತು. ಕುದುರೆ ಸಾಕಿದವನಿಗೆ ಕೊನೆಯ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೂ ಅವನು ಕೂಡಲೇ ಒಪ್ಪಲಿಲ್ಲ, ಒಪ್ಪುವ ಹಾಗೂ ಇರಲಿಲ್ಲ.

"ಅದು ನನ್ನ ಐದು ಕುದುರೆಗಳ ಒಲೆ ಕಣಮ್ಮ. ಅಗೆದ್ರೆ ಲಾಯ ತಣ್ಣಗಾಗುತ್ತೆ. ಇನ್ನೂ ಫೆಬ್ರವರಿ ಪೂರ್ತಿ ಇದೆ."

ಒಳಗಿನಿಂದ ಶುಶಾನ್ ತಲೆ ಹೊರಹಾಕಿದಳು. "ಒಂದು ಗೋಡೆ ಬೆರಣಿಗೆ ನೀರು ಹಾಕಿ ಬಂಡೆ ಮಾಡೋವಾಗ ಫೆಬ್ರವರಿ ಎಲ್ಲಿತ್ತು? ಕೊಡು. ನಿನ್ನ ಹೃದಯದ ಮಾತ್ರೆ ಕಳೆದ ತಿಂಗಳು ಕೂಡುರಸ್ತೆಯಿಂದ ನಡ್ಕೊಂಡು ಬಂತಾ?"

ಹಮಾಯಾಕ್ ಹಲ್ಲಿನಿಂದ ದಾರ ಕತ್ತರಿಸಿದ. "ಗೋಡೆ ಕಡೆ ಅರ್ಧ ತಗೊಳ್ಳಿ. ಬಾಗಿಲ ಕಡೆ ಮುಟ್ಟಬೇಡಿ. ಮತ್ತೆ ಅರೂಸ್, ನನ್ನ ನಾಯಿಗಳಿಗೂ ಒಂದು ಪೀಪಾಯಿ ಆಗ್ಬೇಕು. ನೀನೇ ಬಂದು ಹೂಳ್ಬೇಕು. ಮೇಷ್ಟ್ರು ಮಾತ್ರ ಹತ್ತಿರ ಬರ್ಬಾರ್ದು."

ನನ್ನ ವಿಷಯ ಅಷ್ಟರಲ್ಲಿ ಊರಿಗೆ ಹೇಗೆ ತಿಳಿದಿತ್ತೋ!

ಕವೆಗೋಲಿನಿಂದ ಮೇಲಿನ ಪದರ ಎತ್ತಿದಾಗ ಕೆಳಗಿನಿಂದ ಹಬೆ ಎದ್ದಿತು. ನಾನು ಕೊಳವೆ ಚುಚ್ಚಿದೆ: ಮೂವತ್ತೆಂಟು. ಅರೂಸಳ ಜಾರುಬಂಡಿಯಲ್ಲಿ ಕಂಬಳಿ ಹಾಸಿ, ತುಂಬಿ, ಮೇಲೊಂದು ಕಂಬಳಿ ಹೊದಿಸಿ, ಅರವತ್ತು ಹೆಜ್ಜೆಯ ದಾರಿಯನ್ನು ಎಳೆದದ್ದು ನಾವು ಮೂವರು. ಮರ್ಜಾನನ್ನು ಅಂದು ಯಾರೂ ಕಟ್ಟಲಿಲ್ಲ. ಹನ್ನೊಂದು ಸಲ ಹೋಗಿ ಬಂದೆವು. ಹಳೆಯ ಗುಪ್ಪೆಯನ್ನು ಬಿಚ್ಚಿ, ಒಣಹುಲ್ಲು ಬೆರೆಸಿ, ಒಂದು ಪದರ ಹಳತು ಒಂದು ಪದರ ಹೊಸತು ಹಾಕುತ್ತಾ ಹೋದಳು. ಯಾರ ಕಾಲೂ ಮೇಲೆ ಬೀಳಗೊಡಲಿಲ್ಲ. ಗಾಳಿಯ ಕಡೆಗೆ ಮಾತ್ರ ಹಿಮದ ದಪ್ಪ ಗೋಡೆ ಕಟ್ಟಿದಳು. ಗಾಳಿಯನ್ನು ತಡೆಯುವುದು ಬೇರೆ, ಉಸಿರನ್ನು ತಡೆಯುವುದು ಬೇರೆ. ಅದನ್ನು ನಾನು ನನ್ನ ಪುಸ್ತಕದಲ್ಲಿ ಆ ರಾತ್ರಿ ಬರೆದುಕೊಂಡೆ.

ಗುಪ್ಪೆ ಬಿಸಿಯಾಗುವವರೆಗೆ ಕುದುರೆಗೆ ನೀರು ಬೇಕಲ್ಲ. ಶುಶಾನ್ ತನ್ನ ಬೆರಣಿಯಲ್ಲೇ ಕಾಯಿಸಿದ ಎರಡು ಕೊಡ ನೀರು ತಂದಳು. ಮರ್ಜಾನ್ ಮೂತಿ ಇಳಿಸಿತು. ಕಿವಿ ಒಮ್ಮೆ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ನಾವು ನಾಲ್ವರೂ ಆ ಎರಡು ಕಿವಿಗಳನ್ನು ನೋಡುತ್ತಾ ನಿಂತೆವು. ಮೂವತ್ತಾರು. ಸಾಲದು, ಆದರೆ ಕುಡಿಯಿತು. ಅರೂಸ್ ಅದನ್ನು ಅಂಗಳದಲ್ಲಿ ನಿಧಾನವಾಗಿ ನಡೆಸುತ್ತಾ ಹೋದಳು. ಹಮಾಯಾಕ್ ಅದರ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದ. "ಒಳಗೆ ಗಿರಣಿ ನಿಂತಿಲ್ಲ" ಎಂದ, ಸಂಜೆ ಹೊತ್ತಿಗೆ.

ಭಾನುವಾರ ಗುಪ್ಪೆ ಇಪ್ಪತ್ತಾರು ಡಿಗ್ರಿ. ಅಂದಿನ ಗುಟುಕು ನೂರಹದಿನೇಳು. ಸೋಮವಾರ ಮೂವತ್ತೇಳು, ಗುಟುಕು ನೂರನಲವತ್ತಾರು. ಗೆರೆಗೆ ಇನ್ನೂ ನಾಲ್ಕು ಕಡಿಮೆ. ಅರೂಸ್ ಆ ವಾರದ ಟಪಾಲಿಗೆ ಕುದುರೆ ಕಟ್ಟದೆ ತಾನೇ ಹಿಮದಲ್ಲಿ ನಡೆದು ಹೋಗಿ ಬಂದಳು. ಹದಿನೆಂಟು ಕಿಲೋಮೀಟರು, ಬೆನ್ನ ಮೇಲೆ ಚೀಲ. ಒದ್ದೆ ಬೂಟು ನೋಡಿ ನನಗೆ ತಿಳಿಯಿತು.

ಆಮೇಲೆ ಅವಳು ಇನ್ನೂ ಹನ್ನೊಂದು ಚಳಿಗಾಲ ಟಪಾಲು ತಂದಳು. ಎಂಟರಲ್ಲಿ ಮರ್ಜಾನ್ ಜೊತೆಗಿತ್ತು. ಈಗ ನಮ್ಮೂರಲ್ಲಿ ಹತ್ತು ಮನೆಗಳಲ್ಲಿ ಲದ್ದಿಯೊಳಗೆ ಪೀಪಾಯಿ ಇದೆ. ಹಮಾಯಾಕನ ನಾಯಿಗಳಿಗೆಂದು ಅವಳೇ ಹೂಳಿದ್ದು ಅವುಗಳಲ್ಲಿ ಎರಡನೆಯದು. ಗಾಳಿಯಿರುವ ದಿನ ಯಾರಾದರೂ ಗುಪ್ಪೆ ತುಳಿಯಲು ಹೋದರೆ, "ಏನ್ ಮೇಷ್ಟ್ರ ಕೆಲಸ ಮಾಡ್ತಿದ್ದೀಯಾ?" ಎಂದು ಬೈಯುತ್ತಾರೆ. ನನಗೆ ಬೇಸರವಿಲ್ಲ.

ನನ್ನ ಹವಾಮಾನದ ಪುಸ್ತಕದಲ್ಲಿ ಒಂದು ಪುಟ ಮಾತ್ರ ಉಳಿದವುಗಳಂತಿಲ್ಲ. 1996ರ ಜನವರಿ ಇಪ್ಪತ್ತಮೂರು, ಮಂಗಳವಾರ, ಸಂಜೆ ಆರು ಗಂಟೆ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ. ಗುಪ್ಪೆ ನಲವತ್ತೈದು. ಪೀಪಾಯಿಯ ನೀರು ಹನ್ನೊಂದು. ಮಳೆಯ ಅಳತೆ ಬರೆಯಬೇಕಾದ ಅಂಕಣದಲ್ಲಿ ಬೇರೊಂದು ಸಂಖ್ಯೆ ಇದೆ. ನಾನು ಗೋಡೆಯ ಈಚೆ ಕಾಯುತ್ತಾ ನಿಂತಿದ್ದೆ, ಹಮಾಯಾಕ್ ತನ್ನ ಅಂಗಳದಿಂದ "ಏನಾಯ್ತೇ?" ಎಂದು ಕೂಗುತ್ತಿದ್ದ. ಅರೂಸ್ ಮುಚ್ಚಳ ಹಾಕಿ, ಕಂಬಳಿ ಎಳೆದು, ಕೈ ಒರೆಸಿಕೊಂಡು, ಬೆಳಿಗ್ಗೆ ಮಧ್ಯಾಹ್ನದ್ದನ್ನೂ ಕೂಡಿಸಿ, ಎರಡೂ ಮನೆಗೆ ಕೇಳುವಂತೆ ಹೇಳಿದಳು:

"ನೂರತೊಂಬತ್ತೆರಡು."